ಕೂರಿಸುವ ಕೆಲಸ

ಎಡಗಣ್ಣಿನ ಕೆಳರೆಪ್ಪೆಯ ಮೇಲೆ
ಸಬ್ಬಕ್ಕಿಯಷ್ಟು ಒಂದು ಗುಳ್ಳೆ, ಮುತ್ತಿನ ಹೊಳಪು.
ಕಣ್ಕುರು ಅಂದಳು ಜೈಬು,
ಉಂಗುರ ಉಜ್ಜಿ ಬಿಸಿ ಮಾಡಿ ಇಟ್ಟಳು.
ಒಣಗಿತು, ಉದುರಿತು, ಒಂದು ಹನಿ ರಕ್ತ, ಮತ್ತೆ ಒಣಗಿತು.
ಹೀಗೇ ಎರಡು ರಂಜಾನ್ ಕಳೆದವು.
ಅಲ್ಲಿನ ಕೂದಲು ಯಾವಾಗ ಹೋದವೋ
ನಾನು ನೋಡಲಿಲ್ಲ.
ಮಂಡಿ ಮೊಹಲ್ಲಾದ ಕಿಟಕಿಯಲ್ಲಿ ಮೂವತ್ತೊಂದು ವರ್ಷದಿಂದ
ಆನೆಗಳಿಗೆ ಕಣ್ಣು ಕೂರಿಸುತ್ತಿದ್ದೆ.

ದೊಡ್ಡಾಸ್ಪತ್ರೆಯ ಡಾಕ್ಟರ್ ಪ್ರಫುಲ್ಲಾ
ಟಾರ್ಚು ಬಿಟ್ಟು ನೋಡಿ ಬಹಳ ಹೊತ್ತು ಸುಮ್ಮನಿದ್ದರು.
ಆ ಮೌನ ನನಗೆ ಗೊತ್ತು:
ಹಲಗೆಯಲ್ಲಿ ಹುಳು ಇದೆಯೋ ಎಂದು ನಾನೂ ಹಾಗೇ ನೋಡುವುದು.
ಒಂದು ಚೂರು ಕತ್ತರಿಸಿ ಶೀಷೆಯಲ್ಲಿ ಕಳಿಸಿದರು.
ಒಂಬತ್ತನೇ ದಿನ ಕಾಗದ ಬಂತು.
“ಕ್ಯಾನ್ಸರೇ. ಆದರೆ ಊರೂರು ಅಲೆಯುವ ಜಾತಿಯಲ್ಲ,
ಕೂತಲ್ಲೇ ಅಗೆಯುತ್ತದೆ. ಬಿಟ್ಟರೆ ಕಣ್ಣಿನ ಗೂಡಿಗೇ ಇಳಿಯುತ್ತದೆ.”
ಬಿಸಿಲಾ? ಅಂದೆ.
“ಬಿಸಿಲೂ ಇರಬಹುದು.”
ಬೆಳಕು ಬೇಕೆಂದು ಆರಿಸಿ ಕೂತ ಜಾಗ ಅದು.

ಮರಗಟ್ಟಿದ ಕೆನ್ನೆ, ಎಚ್ಚರವಿದ್ದ ಕಿವಿ.
ಕೊರೆದದ್ದನ್ನು ಪಕ್ಕದ ಕೋಣೆಗೆ ಕಳಿಸಿ ಕಾದರು,
ಅಂಚು ಶುದ್ಧವೋ ಇಲ್ಲವೋ.
ಮೂಗಿನ ಕಡೆ ಇನ್ನೂ ಇದೆ, ಎಂದು ಬಂತು ಸುದ್ದಿ.
ಮತ್ತೊಂದು ಎಳೆ ಕೊರೆದರು.
ಮನಸ್ಸಿನಲ್ಲೇ ಅಂದುಕೊಂಡೆ: ಸರಿ,
ಗುಳಿ ಸ್ವಚ್ಛವಾಗದೆ ತುಂಡು ಕೂರದು.

ತುಂಡು ಎಲ್ಲಿಂದ?
ಒಳಪದರ ಮೇಲಿನ ರೆಪ್ಪೆಯದು,
ಹೊರಚರ್ಮ ಕಿವಿಯ ಹಿಂದಿನದು.
ಬೀಟೆಗೆ ಹಲಸು ಕೂರಿಸುವವನು ನಾನು, ತಡೆಯಲಾಗಲಿಲ್ಲ,
ಬಣ್ಣ ಹೊಂದುತ್ತಾ ಮೇಡಂ?
ಕತ್ತರಿಯ ಸದ್ದು ನಿಂತಿತು. ನಕ್ಕರು.
ಮತ್ತೆ ಶುರುವಾಯಿತು ಕತ್ತರಿ.

ಆರು ವಾರ ಆ ಕಣ್ಣು ಬಾಯಿ ಹೊಲಿದ ಚೀಲ.
ಒಳಗೆ ಬೆಳಕು ಕಿತ್ತಳೆ ಬಣ್ಣ.
ಒಂಟಿಗಣ್ಣಿಗೆ ಆಳ ತಿಳಿಯದು:
ಲೋಟದ ಪಕ್ಕ ಚಹಾ ಸುರಿದೆ,
ಜೈಬುವಿನ ಕೈ ಎಂದು ಗಾಳಿ ಹಿಡಿದೆ.
ಅವಳು ಕೈಯನ್ನು
ಗಾಳಿಯಿದ್ದ ಕಡೆಗೇ ತಂದಳು.

ಒಂದು ಮಂಗಳವಾರ ಸೀಳಿ ತೆರೆದರು. ಕನ್ನಡಿ ಕೊಟ್ಟರು.
ಸಂದಿ ಸವರಲು ಉಗುರು ಎತ್ತಿದೆ,
“ಮುಟ್ಟಬೇಡಿ” ಎಂದು ಗದರಿದರು.
ಕೂದಲಿಲ್ಲದ ಅಂಚು, ಕೊಂಚ ಕೆಂಪು, ಒಂದೆಳೆ ದಪ್ಪ.
ನಮ್ಮಲ್ಲಾದರೆ ಉಪ್ಪುಕಾಗದ ಹಾಕಬಹುದಿತ್ತು.
ಕೂತಿದೆ, ಅಂದೆ. ಚೆನ್ನಾಗಿ ಕೂತಿದೆ.

ಈಗ ಮೇಜು ಬಡಗಣ ಗೋಡೆಗೆ.
ಕೈಯ ನೆರಳು ತಪ್ಪು ಕಡೆ ಬೀಳುತ್ತದೆ.
ಮೊದಲು ಕೂರಿಸಿದ ಆನೆಯ ಕಣ್ಣು ಒಂದಿಷ್ಟು ಕೆಳಗಾಯಿತು.
ತೆಗೆಯಲಿಲ್ಲ, ಪಾಲಿಷ್ ಹೊಡೆದೆ.
ಆರು ತಿಂಗಳಿಗೊಮ್ಮೆ ಬನ್ನಿ ಎಂದು ಬರೆದ ಚೀಟಿ
ಸರೇಸಿನ ಡಬ್ಬಿಯ ಕೆಳಗಿದೆ,
ಒಂದು ಮೂಲೆ ಮೇಜಿಗೇ ಅಂಟಿಕೊಂಡಿದೆ.