ಲಿಫ್ಟಿನವಳ ಲೆಕ್ಕ

ಹದಿನಾರು ಮಹಡಿಗೆ ಒಂದೇ ಲಿಫ್ಟು.
ಹತ್ತು ತೆತ್ರಿ ಹಾಕಿದರೆ ಮೇಲಕ್ಕೆ,
ಇಳಿಯುವುದಕ್ಕೆ ದುಡ್ಡಿಲ್ಲ.
ತ್ಬಿಲಿಸಿಯಲ್ಲಿ ಬೀಳುವುದು ಯಾವತ್ತೂ ಪುಕ್ಕಟೆ
ಎನ್ನುತ್ತಿದ್ದ ನನ್ನ ಗಂಡ ಬೊಂದೊ,
ಹಾಸಿಗೆಗೆ ಬೀಳುವ ಮುಂಚೆ.

ನಾನು ಝುಝುನಾ. ದುಡ್ಡಿನ ಡಬ್ಬಿಯ ಕೀಲಿ ನನ್ನ ಸೊಂಟದಲ್ಲಿ.
ಚಿಲ್ಲರೆ ಎಣಿಸುವುದು, ಬಾಗಿಲು ಕಚ್ಚಿಕೊಂಡರೆ ಒದೆಯುವುದು,
ಮಿಕ್ಕ ಹೊತ್ತೆಲ್ಲ ಓದುವುದು.
ಮನೆ ಖಾಲಿ ಮಾಡುವವರು
ಮೊದಲು ಬಿಟ್ಟುಹೋಗುವುದು ಪುಸ್ತಕ,
ಆಮೇಲೆ ಬೆಕ್ಕು.
ಎರಡೂ ನನ್ನ ಪಾಲಿಗೆ.

ಇವತ್ತು ಡಿಸೆಂಬರಿನ ಕೊನೆಯ ದಿನ. ಐದನೇ ಮಹಡಿಯ ಲಮಾರಾ
ಜೇನಲ್ಲಿ ಕಾಯಿಸಿದ ಅಕ್ರೋಟಿನ ಚಿಕ್ಕಿ ಕೈಗಿಟ್ಟು,
"ಈ ವರ್ಷ ಓದಿದ್ದರಲ್ಲಿ ಯಾವುದೇ ಚೆನ್ನಾಗಿತ್ತು?" ಎಂದಳು.
ನಾನು ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ಮುಚ್ಚಿತು.
ಕೇಳಿದ ಮೇಲೆ ಹೇಳದಿದ್ದರೆ ಹೊಟ್ಟೆ ಉಬ್ಬೀತು.
ಬೆಕ್ಕಿಗೇ ಹೇಳುತ್ತೇನೆ.

ಒಟ್ಟು ಮೂವತ್ತೊಂದು. ಮೂವತ್ತೆರಡೂ ಅನ್ನಬಹುದು,
ಒಂದನ್ನು ಮರೆತು ಎರಡು ಸಲ ಓದಿದೆನಲ್ಲ;
ನೂರನೇ ಪುಟದಲ್ಲಿ ನನ್ನದೇ ಚಹಾದ ಕಲೆ ಸಿಕ್ಕಿ
ನಾಚಿಕೆಯಾಯಿತು. ಆದರೂ ಬಿಡಲಿಲ್ಲ,
ಕೊಲೆ ಮಾಡಿದ್ದು ಯಾರೆಂದು ತಿಳಿಯಬೇಕಿತ್ತು, ಮತ್ತೊಮ್ಮೆ.

ಜೇನು ಸಾಕುವವರ ಕೈಪಿಡಿ ಇಷ್ಟವಾಯಿತು.
ನನಗೆ ಜೇನಿಲ್ಲ, ಬಾಲ್ಕನಿಯೂ ಇಲ್ಲ.
ರಾಣಿ ಸತ್ತ ಗೂಡಿನ ಸದ್ದೇ ಬೇರೆ ಎಂದು ಅದರಲ್ಲಿತ್ತು.
ಓದಿದ ರಾತ್ರಿ ಅಂಗಳಕ್ಕೆ ಬಂದು
ಹದಿನಾರು ಮಹಡಿಗೂ ಕಿವಿಗೊಟ್ಟು ನಿಂತೆ.

ಒಂದು ದಿಂಬಿನಂಥ ಕಾದಂಬರಿ. ಹೆಸರುಗಳೇ ಎಪ್ಪತ್ತು.
ಮೂರು ವಾರ ನನ್ನ ಕೋಣೆಯಲ್ಲಿ ಅವರದೇ ಸಂಸಾರ,
ಅವರದೇ ಜಗಳ, ಅವರದೇ ಬಾಣಂತನ.
ಮುಗಿದ ದಿನ ಮೇಜಿನ ಮೇಲೆ
ನಾಲ್ಕು ತಟ್ಟೆ ಇಟ್ಟುಬಿಟ್ಟೆ.

ಹತ್ತನೇ ಮಹಡಿಯ ಎಂಜಿನಿಯರ್ ಎಲ್ಗುಜಾ
ಕೈಯಿಂದ ಖರ್ಚು ಮಾಡಿ ಅಚ್ಚು ಹಾಕಿಸಿದ ಕವಿತೆಗಳು.
ಕೆಟ್ಟವು. ಪಾಪ, ನಿಜಕ್ಕೂ ಕೆಟ್ಟವು.
ಆದರೆ ನಡುವೆ ಎಲ್ಲೋ ಒಂದು ಸಾಲು:
ಕರೆಂಟು ಹೋದಾಗಲೇ ತಿಳಿದದ್ದು, ಯಾವ ಕೆಮ್ಮು ಯಾರದೆಂದು.
ಆ ಸಾಲಿಗಾಗಿ ಒಂದು ತಿಂಗಳು
ಅವನಿಂದ ಕಾಸು ಇಸಕೊಳ್ಳಲಿಲ್ಲ.

ಇನ್ನೊಂದಿದೆ. ಹೇಳಬೇಕೋ ಬೇಡವೋ.
ಹಡಗಿನ ಅಡಿಗೆಯವನೊಬ್ಬನ ಕಥೆ; ರಟ್ಟಿಲ್ಲ, ಹೆಸರಿಲ್ಲ.
ಬಿರುಗಾಳಿ ಎದ್ದಿದೆ, ಅವನು ಸಾರಿನ ಹಂಡೆ ತಬ್ಬಿ ಹಿಡಿದಿದ್ದಾನೆ,
ಅಲ್ಲಿಗೆ ಪುಸ್ತಕ ಖಲಾಸು.
ಹರಿದ ಅಂಚು ಮುಟ್ಟಿದ ಕೂಡಲೇ ಬೆರಳಿಗೆ ಗೊತ್ತಾಯಿತು,
ಇದು ತೊಂಬತ್ತೆರಡರ ಚಳಿಗಾಲ.

ನಾವೂ ಹಾಗೇ ಹರಿದವರು.
ಗ್ಯಾಸಿಲ್ಲ, ದೀಪವಿಲ್ಲ, ಕುರ್ಚಿಗಳು ಆಗಲೇ ಬೂದಿ.
ಹಿಂದಿನಿಂದ ಹರಿ, ಎನ್ನುತ್ತಿದ್ದ ಬೊಂದೊ,
ಶುರುವಾದರೂ ಉಳಿಯಲಿ.
ಓದದೆ ಒಂದು ಹಾಳೆಯನ್ನೂ ಒಲೆಗೆ ಕೊಡುತ್ತಿರಲಿಲ್ಲ ಪುಣ್ಯಾತ್ಮ;
ಉರಿಯ ಬೆಳಕಲ್ಲೇ ಗಟ್ಟಿಯಾಗಿ ಓದಿ
ಆಮೇಲೆ ಒಳಗಿಡುತ್ತಿದ್ದ.
ಹೀಗೆ ಆ ವರ್ಷ ನಾನು ಕೇಳಿದ ಕಥೆಗಳಲ್ಲಿ
ಎಲ್ಲರೂ ಮೊದಲು ಸತ್ತರು,
ಆಮೇಲೆ ಮದುವೆಯಾದರು,
ಕಡೆಗೆ ಅಂಬೆಗಾಲಿಟ್ಟು
ಮೊದಲ ಪುಟದ ಬಾಗಿಲಲ್ಲಿ ಕೂತರು.

ಅಡಿಗೆಯವನು ಬದುಕಿದನೋ ಇಲ್ಲವೋ.
ಯಾರದೋ ಸಾರು ಅವನ ಕೊನೆಯ ಪುಟಗಳಲ್ಲಿ ಬೆಂದಿರಬೇಕು.
ಯಾರದೋ ಮಗು ಅದನ್ನು ಕುಡಿದು
ಈಗ ದೊಡ್ಡದಾಗಿ, ಗಡ್ಡ ಬಿಟ್ಟು,
ಹತ್ತು ತೆತ್ರಿ ಹಾಕಿ ಮೇಲಕ್ಕೆ ಹೋಗುತ್ತಿರಬಹುದು.

ಐದರ ಗುಂಡಿ ಕೆಂಪಾಯಿತು. ಲಮಾರಾ ಇಳಿದು ಬಂದಳು, ಪುಕ್ಕಟೆ.
"ಹೇಗಿತ್ತೇ?" ಎಂದಳು.
ಹಂಡೆ ಇನ್ನೂ ಅವನ ಕೈಯಲ್ಲೇ ಇದೆ ಎನ್ನಬೇಕೆಂದುಕೊಂಡೆ,
ಅವಳು ನೋಡುತ್ತಿದ್ದದ್ದು ಚಿಕ್ಕಿಯ ತಟ್ಟೆಯನ್ನು.
ಗಟ್ಟಿ, ಎಂದೆ.
ಹಲ್ಲು ಜೋಪಾನ.