ಪಾಸಿಲ್ಲದವರು

ಕೆಂಪು ಔಷಧಕ್ಕೆ ಬೆಳಕಾಗದು.
ಕರಿ ಚೀಲ ಹೊದಿಸಿ ತೂಗುಹಾಕುತ್ತೇನೆ,
ತಲೆಕೆಳಗಾಗಿ ಜೋತುಬೀಳುತ್ತದೆ ಬಾಟಲಿ,
ಪ್ರತಿ ಸಲ ನೆನಪಾಗುವುದು ಕೋಡಿಬಾಗದ ಸುರಹೊನ್ನೆ ಮರ.

ಶೇವಂತಿ ತಾಂಡೇಲ. ಐವತ್ತೆರಡು. ಎಡ ಮೊಲೆ.
ಬೈತಕೋಲದಲ್ಲಿ ಮೀನಿನ ಬುಟ್ಟಿ.
ನಳಿಗೆಯಲ್ಲಿ ಇಳಿಯುವುದನ್ನು ಕಂಡು ಮೊದಲ ದಿನ
"ಸಿಸ್ಟರ್, ಇದು ಥೇಟ್ ಬಿರಿಂಡೆ ಪಾನಕ" ಅಂದಳು.
ರಾತ್ರಿ ಫೋನು, ನಗು ತಡೆಯಲಾರದೆ:
"ಉಚ್ಚೆಯೂ ಪಾನಕವೇ ಆಯ್ತಲ್ಲ!"

ಮೂರು ಸರದಿ ಮುಗಿದವು. ಗಂಟು ಕದಲಲಿಲ್ಲ.

ಸಮೀಹಾ ಭಟ್ಕಳದವಳು. ಓದುವುದು ಬಾವಲಿ.
ಇರುಳಲ್ಲಿ ನದಿಯಂಚಿಗೆ ಬಲೆ ಕಟ್ಟುತ್ತಾಳೆ
(ಅದರ ಹರಕು ಹೆಣೆದುಕೊಟ್ಟವನು ಶೇವಂತಿಯ ಗಂಡ),
ಸಿಕ್ಕಿದ್ದರ ರೆಕ್ಕೆಯಿಂದ ಅಂಗಿಗುಂಡಿಯಷ್ಟು ತೊಗಲು ತೆಗೆದು
ಹಾರಿಬಿಡುತ್ತಾಳೆ.
ಆ ತೊಗಲು ಗಾಜಿನ ತಟ್ಟೆಯಲ್ಲಿ ಬೆಳೆಯುತ್ತದಂತೆ.
ಅದರ ಮೇಲೆ ಇದೇ ಕೆಂಪನ್ನು ಸುರಿಯುತ್ತಾರಂತೆ.

"ಇಲಿಯ ಜೀವಕೋಶವಾದರೆ ಒಳಗಿನ ದಾರ ತುಂಡುತುಂಡು, ಅಕ್ಕಾ.
ಬಾವಲಿಯದು ಹೆಚ್ಚುಕಮ್ಮಿ ಇದ್ದ ಹಾಗೇ.
ಗೋಡೆ ತುಂಬ ಕಾವಲುಗಾರರು,
ಒಳಬಂದ ವಿಷದ ಕುತ್ತಿಗೆ ಹಿಡಿದು ಹೊರಗೆ ನೂಕುವವರು.
ನಮ್ಮಲ್ಲೂ ಇದ್ದಾರೆ, ಅಲ್ಲೊಬ್ಬ ಇಲ್ಲೊಬ್ಬ.
ಅವಕ್ಕೆ ದಂಡೇ ಇದೆ.
ಮುಷ್ಟಿಯಷ್ಟು ಪ್ರಾಣಿ, ಮೂವತ್ತು ವರ್ಷ, ಗಂಟಿಲ್ಲ ಗಡ್ಡೆಯಿಲ್ಲ,
ಇದಕ್ಕೇ ಇರಬಹುದು. ಇದೊಂದಕ್ಕೇ ಅಂತ ಹೇಳಲಾರೆ."

ನಾನು ಕೇಳಲಿಲ್ಲ.
ಚಹದ ಲೋಟ ತಿರುಗಿಸುತ್ತ ಅವಳೇ ಅಂದಳು:
"ಕೆಲವು ಗಂಟುಗಳೂ ಇದೇ ಕಾವಲು ಇಟ್ಟುಕೊಳ್ಳುತ್ತವೆ."

ಸೂಜಿಗೆ ನರ ಹುಡುಕುತ್ತ ಶೇವಂತಿಗೆ ಹೇಳಿದೆ,
ಮುಂಗೈಯ ನರಗಳೆಲ್ಲ ಕಪ್ಪಿಟ್ಟ ಬಲೆನೂಲು.
ವಿವರಿಸಬೇಕಾಗಲಿಲ್ಲ.
"ಅರ್ಗಾದ ಗೇಟು" ಅಂದಳು.
ಹುಟ್ಟಿದ ದಂಡೆ ನೌಕಾನೆಲೆಯಾದ ಮೇಲೆ
ಒಮ್ಮೆ ಹೋಗಿದ್ದಳಂತೆ, ಅಮ್ಮನ ಬಾವಿ ಇದೆಯೋ ನೋಡಲು.
ಪಾಸ್ ಕೇಳಿದ ಹುಡುಗ ಒರಟನೇನಲ್ಲ,
ಕುಡಿಯಲು ನೀರು ಕೊಟ್ಟೇ ಹೊರಗೆ ಕಳಿಸಿದ.
"ಪಾಪ, ಈ ಔಷಧಿಗೂ ಪಾಸಿಲ್ಲ ಹಾಗಾದರೆ."

ಕೆಂಪಿನದು ಇವತ್ತಿಗೆ ಕೊನೆ.
ಮುಂದಿನ ಸಲ ಬೇರೆ, ನೀರಿನ ಬಣ್ಣದ್ದು.
ಅದನ್ನೂ ಗುರುತು ಹಿಡಿದಾನೋ ಏನೋ ಗೇಟಿನವನು.

ವಾರ್ಡಿನ ಕಿಟಕಿಯಿಂದ ಕಾಳಿ ಕಾಣದು.
ಬಾವಲಿಗಳು ಕಾಣುತ್ತವೆ. ಆರೂಮುಕ್ಕಾಲಿಗೆ ಒಂದು,
ಮತ್ತೊಂದು, ಆಮೇಲೆ ಎಣಿಕೆಗೆ ಸಿಗದಷ್ಟು,
ಸದಾಶಿವಗಡದ ಗುಡ್ಡದತ್ತ, ಗೇರುಹಣ್ಣಿನ ವಾಸನೆಗೆ.
ತಮ್ಮ ತೊಗಲೊಳಗೆ ಯಾರು ಎಚ್ಚರವಿದ್ದಾರೆ
ಒಂದಕ್ಕೂ ಗೊತ್ತಿಲ್ಲ.

ಶೇವಂತಿ ನಿದ್ದೆಹೋದಳು ಅಂದುಕೊಂಡೆ.
"ಆ ಹುಡುಗಿ ರೆಕ್ಕೆಗೆ ತೂತು ಮಾಡ್ತಾಳಲ್ಲ," ಕೇಳಿದಳು,
"ಮಾಯ್ತದೋ?"

ಮಾಯುತ್ತದಂತೆ. ಮೂರು ವಾರ ಸಾಕಂತೆ.

"ಮೂರು ವಾರ," ಅಂದಳು.
ಅವಳ ಕಾರ್ಡಿನಲ್ಲಿ ಮುಂದಿನ ತಾರೀಖು
ನಾನಿನ್ನೂ ಬರೆದಿರಲಿಲ್ಲ.