ಗೋಡೆಪಟ ತಲೆಕೆಳಗಾದ ದಿನ

ದೆಬ್ರೆ ಬಿರ್ಹಾನಿನ ಚಳಿಗೆ ಸೀಮೆಸುಣ್ಣವೂ ಮರಗಟ್ಟುತ್ತದೆ.
ಒಂದನೆಯ ತರಗತಿ, ಅರವತ್ತಮೂರು ಮಕ್ಕಳು,
ಬೆಂಚಿಗೆ ಐವರು. ಆರನೆಯವನು
ಯಾವಾಗಲೂ ಅರ್ಧ ಗಾಳಿಯಲ್ಲಿ.

ಗೋಡೆಯ ಮೇಲೆ ಅಕ್ಷರಗಳ ಪಟ:
ಮೂವತ್ತಮೂರು ಮನೆ, ಮನೆಗೆ ಏಳು ಕೂಸು.
ನೀಲಗಿರಿ ಕಡ್ಡಿ ಹಿಡಿದು ನಾನು ಮುಟ್ಟುತ್ತೇನೆ,
ಅವರು ಕೂಗುತ್ತಾರೆ
ಹ ಹು ಹಿ ಹಾ ಹೇ ಹ್ ಹೋ
ಲೆ ಲು ಲಿ ಲಾ ಲೇ ಲ್ ಲೋ
ಬೀದಿಯಲ್ಲಿ ಹೋಗುವ ಕುದುರೆಗಾಡಿಯವನೂ
ಅರ್ಧ ಸಾಲು ದನಿಗೂಡಿಸಿ ಹೋಗುತ್ತಾನೆ.
ಹತ್ತೊಂಬತ್ತು ವರ್ಷ ಇದನ್ನೇ
ಓದು ಅಂದುಕೊಂಡಿದ್ದೆ.

ಮೊನ್ನೆ ಸೋಮವಾರ ಪಟದ ದಾರ ಹರಿದಿತ್ತು.
ಕಾವಲಿನ ಬೆಯೆನೆ, ಅಕ್ಷರ ಬಾರದ ಮನುಷ್ಯ,
ಅಕ್ಕರೆಯಿಂದ ಹೊಸ ಮೊಳೆ ಹೊಡೆದು ತೂಗುಹಾಕಿದ,
ತಲೆಕೆಳಗೆ.
ನಾನು ಹಾಜರಿ ಪುಸ್ತಕದಲ್ಲಿ ಮುಳುಗಿದ್ದೆ.
ಶಿಫೆರಾವ್ ಎದ್ದು ಬಂದು ಕಡ್ಡಿ ಎತ್ತಿಕೊಂಡ,
ಮೇಲಿನಿಂದ ಕೆಳಗಿನವರೆಗೆ ಮುಟ್ಟಿಸುತ್ತ ಹೋದ.
ಅರವತ್ತಮೂರು ಗಂಟಲು, ಒಂದೂ ತಪ್ಪಿಲ್ಲ.
ಅಕ್ಷರಗಳೋ
ಬಾವಲಿಗಳ ಹಾಗೆ ನೇತಾಡುತ್ತಿದ್ದವು.

ನಗು ಬಂತು. ಆಮೇಲೆ ಬರಲಿಲ್ಲ.

ಆ ರಾತ್ರಿ ಬಿಸ್ಕತ್ತಿನ ಪೆಟ್ಟಿಗೆ ಬಿಚ್ಚಿ
ಈರುಳ್ಳಿ ಹೆಚ್ಚುವ ಚಾಕುವಿನಲ್ಲಿ ರಟ್ಟಿಗೊಂದು ತೂತು ಕೊರೆದೆ,
ಒಂದೇ ಅಕ್ಷರ ಇಣುಕುವಷ್ಟು.

ಮರುದಿನ ರಟ್ಟು ಪಟದ ಮೇಲೆ.
ತೂತಿನಲ್ಲಿ ಒಂಟಿ ಅಕ್ಷರ, ಹಿಂದೆ ಮುಂದೆ ನಂಟರಿಲ್ಲ.
ತರಗತಿ ಸುಮ್ಮನಾಯಿತು.
ತಗಡಿನ ಮಾಡು ಬಿಸಿಲಿಗೆ ಟಿಕ್ ಅಂದದ್ದು
ಅವತ್ತೇ ಮೊದಲು ನನಗೆ ಕೇಳಿಸಿದ್ದು.

ಮೂರನೆಯ ಬೆಂಚಿನ ಸಿಂತಯೆಹು, ಉಪ್ಪು ಮಾರುವವಳ ಮಗಳು,
ತುಟಿಯೊಳಗೇ ಮೆಟ್ಟಿಲು ಹತ್ತತೊಡಗಿದಳು.
ಬೆ, ನೆಟ್ಟಗೆ ಎರಡು ಕಾಲು, ಇದಲ್ಲ.
ಬು, ಸೊಂಟಕ್ಕೆ ಕಡ್ಡಿ, ಇದಲ್ಲ.
ಬಿ, ಪಾದಕ್ಕೆ ಕಡ್ಡಿ, ಅಲ್ಲ, ಅಲ್ಲ,
ಇದಕ್ಕೆ ಒಂದು ಕಾಲು ಮೋಟು...
'ಬಾ!' ಎಂದಳು.
ಅಕ್ಷರ ಬಂತು.

ಎಲ್ಲರೂ ಚಪ್ಪಾಳೆ ತಟ್ಟಿದರು.
ಕಂಠಪಾಠದ ದೊರೆ ಶಿಫೆರಾವ್ ಮಾತ್ರ
ತನ್ನ ಪ್ಲಾಸ್ಟಿಕ್ ಚಪ್ಪಲಿಯ ತುದಿ ನೋಡುತ್ತಿದ್ದ.
ನಾನೇ ಅವನಿಗೆ ಕಳೆದ ತಿಂಗಳು
ಬಹುಮಾನವೆಂದು ಪೆನ್ಸಿಲು ಕೊಟ್ಟಿದ್ದೆ.

ಗುರುವಾರ ಸಿಂತಯೆಹು ಖಾಲಿ ಪೊಟ್ಟಣವೊಂದನ್ನು ತಂದಳು.
ಎರಡೇ ಅಕ್ಷರ:
ಮುಕ್ಕಾಲಿ ಮಣೆಯಂಥದ್ದೊಂದು, ಕನ್ನಡಕದಂಥದ್ದೊಂದು.
ಮೊದಲನೆಯದಕ್ಕೆ ಗಂಟಲು ಚಿಟಿಕೆ ಹೊಡೆಯಿತು: ಚೆ.
ಎರಡನೆಯದು ಅದರ ಮನೆಯ ಆರನೆಯ ಕೂಸು.
ಆರನೆಯವು ಹಾಗೇ. ಒಮ್ಮೊಮ್ಮೆ ಬಾಯಿ ಬಿಡುತ್ತವೆ,
ಒಮ್ಮೊಮ್ಮೆ ಬರೀ ಉಸಿರು.
ಯಾವಾಗ ಯಾವುದೆಂದು ಹೇಳಿಕೊಡಲು
ನನಗೂ ಬರುವುದಿಲ್ಲ, ತರಬೇತಿಗೆ ಬಂದವರಿಗೂ ಬರಲಿಲ್ಲ.

ಚೆ... ವು?
ಅಂಥ ಮಾತು ಊರಲ್ಲಿಲ್ಲ.
ಚೆ... ವೆ?
ಅದೂ ಇಲ್ಲ.
ತುಟಿ ದುಂಡಗೆ ಮಾಡಿ ನಿಂತಳು, ದನಿ ಹೊರಡಿಸದೆ,
ಚಹಾ ಆರಿಸುವವಳ ಹಾಗೆ.
ಚೆವ್.
ನಾಲಿಗೆ ತಾನಾಗಿ ಹೊರಬಂದು ತುಟಿ ನೆಕ್ಕಿತು.

ಅವ್ವ ಸಂತೆಯಲ್ಲಿ ದಿನವಿಡೀ ಕೂಗಿ ಮಾರುವುದು
ಇಷ್ಟು ಕಾಲ ಈ ಕಾಗದದಲ್ಲಿ
ಸುಮ್ಮನೆ ಕೂತಿತ್ತು.

ಬಿಡುವಿನ ಗಂಟೆಯಲ್ಲಿ ಶಿಫೆರಾವ್ ಬಂದ.
'ಟೀಚರ್, ಪಟ ಇನ್ನೊಮ್ಮೆ ತಲೆಕೆಳಗೆ ಹಾಕಿ.
ನಾನು ನೋಡಬೇಕು.'

ಹಾಕಿದೆ. ತಲೆ ವಾಲಿಸಿ ತುಂಬ ಹೊತ್ತು ನಿಂತಿದ್ದ,
ಕತ್ತು ನೋಯುವವರೆಗೆ.

ರಟ್ಟಿನ ತೂತು ಬೆರಳು ಬೆರಳು ತಾಗಿ ಅಂಚು ಹರಿಯುತ್ತಿದೆ.
ಈಗ ಪಕ್ಕದ ಅಕ್ಷರವೂ ಅರ್ಧ ಕಾಣಿಸುತ್ತದೆ.